ಬೀಜಕ್ಕೆ ಬಿಟ್ಟ ಬದನೆಕಾಯಿ

"ಕೈ ತಗೀರಿ! ಅದು ನಮ್ಮಜ್ಜಿ ಸೀರಿ!"

ತನ್ನ ಗಂಟಲಿನಿಂದ ಇಷ್ಟು ದೊಡ್ಡ ದನಿ ಹೊರಬಂದದ್ದು ಕೇಳಿ ಶರ್ವರಿಗೇ ಗಾಬರಿಯಾಯಿತು.

ಎದುರಿಗಿದ್ದ ಯುವಕ ಬೆಚ್ಚಿ ತಿರುಗಿದ. ಅವಳ ತರಕಾರಿ ಮಡಿಯ ಮೇಲೆ ನೆರಳಿಗೆಂದು ಕಟ್ಟಿದ್ದ ಹಳೆಯ ಸೀರೆಯ ಒಂದು ತುದಿ ಅವನ ಕೈಯಲ್ಲಿತ್ತು. ಒಂದು ಕಡೆಯ ಗಂಟುಗಳು ಆಗಲೇ ಬಿಚ್ಚಿದ್ದವು.

"ಅರೆ... ನೀವು ಕನ್ನಡದವರೇನ್ರಿ?" ಎಂದು ಕೇಳಿದ, ಎಲ್ಲ ಬಿಟ್ಟು!

"ಅದನ್ನ ಆಮ್ಯಾಲೆ ಕೇಳ್ರಿ. ಮೊದಲ ಗಂಟು ಕಟ್ರಿ. ಈ ಬಿಸಲಾಗ ನೆಳ್ಳ ತಗದ್ರ ಗಿಡ ಉಳೀತೈತೇನು?"

"ಬಿಸಲು ಇರಲಿ, ಗಾಳಿ ಬರಾಕತ್ತೈತಿ. ಸೀರಿ ಗಾಳಿ ತುಂಬಿಕೊಂಡ್ರ ಕಂಬ ಕಿತಗೊಂಡು ಹೋಗತಾವ. ಕಂಬದ ಜೋಡಿ ನಿಮ್ಮ ಬದನಿ ಗಿಡಾನೂ!"

ಶರ್ವರಿ ತಲೆಯೆತ್ತಿದಳು. ಸನತ್‌ನಗರದ ಕಾರ್ಖಾನೆಗಳ ತಗಡಿನ ಮೇಲೆ ಆಕಾಶ ತಾಮ್ರದ ತಟ್ಟೆಯಂತೆ ಕಾದಿತ್ತು.

"ಒಂದ ಎಲಿ ಸುದ್ದಾ ಅಳ್ಳಾಡವಲ್ದು. ಗಾಳಿ ಅಂತ, ಗಾಳಿ!"

"ಅದಕ್ಕ ಹೆದರಿಕಿ ರೀ," ಎಂದ ಅವನು ಮೆಲ್ಲಗೆ.

ಹಳೆಯ ಕ್ವಾರ್ಟರ್ಸಿನ ಹಿಂದಿನ ಖಾಲಿ ಜಾಗವನ್ನು ಕಾಲೊನಿಯವರು ತುಂಡು ತುಂಡಾಗಿ ಹಂಚಿಕೊಂಡು ತರಕಾರಿ ಬೆಳೆಯುತ್ತಿದ್ದರು. ಬೇಸಿಗೆ ಬಂದರೆ ಅರ್ಧ ಜನ ಕೈಬಿಡುತ್ತಿದ್ದರು. ಶರ್ವರಿ ಬಿಟ್ಟಿರಲಿಲ್ಲ. ಬಿಡುವ ಹಾಗೂ ಇರಲಿಲ್ಲ.

ಅಜ್ಜಿ ಗೋದಾವರಿ ಮದುವೆಯಾಗಿ ಬೀದರ್ ಕಡೆಯ ಭಾಲ್ಕಿಯಿಂದ ಹೈದರಾಬಾದಿಗೆ ಬರುವಾಗ ತಂದ ಬದನೆ ಬೀಜ ಅದು. ವರ್ಷ ವರ್ಷವೂ ಹೊಸ ಬೀಜ ತೆಗೆದಿಡುತ್ತ ಅಜ್ಜಿ ಆ ತಳಿಯನ್ನು ಉಳಿಸಿಕೊಂಡು ಬಂದಿದ್ದಳು. ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ ಅದು ತಪ್ಪಿಹೋಯಿತು. ಡಬ್ಬಿಯ ತಳದಲ್ಲಿ ಉಳಿದಿದ್ದ ಮುದಿ ಬೀಜವನ್ನೆಲ್ಲ ಶರ್ವರಿ ಬಿತ್ತಿದರೆ, ಹುಟ್ಟಿದ್ದು ಒಂದೇ ಸಸಿ! ಬಿಸಿಲಿಗೆ ಹೂವೆಲ್ಲ ಉದುರಿ, ನಿಂತದ್ದು ಒಂದೇ ಕಾಯಿ. ಅದು ಗಿಡದಲ್ಲೇ ಹಣ್ಣಾಗಿ ಹಳದಿಯಾದರೆ ಬೀಜ. ಇಲ್ಲದಿದ್ದರೆ... ಅಜ್ಜಿಯ ಬದನೆ ಅಲ್ಲಿಗೆ ಮುಗಿಯಿತು.

'ಇದನ್ನೆಲ್ಲ ಈ ಅಪರಿಚಿತನಿಗೆ ಹೇಗೆ ಹೇಳಲಿ?' ಎಂದುಕೊಳ್ಳುವಷ್ಟರಲ್ಲೇ ಗಾಳಿ ಬಂತು.

ಎಲ್ಲಿಂದ ಬಂತೋ! ಎರಡು ಮಡಿ ಆಚೆಯ ಪಿಂಕಿ ಅಕ್ಕನ ಹಸಿರು ಬಲೆ ಕಂಬ ಸಮೇತ ಮೇಲೆದ್ದು ಕರೆಂಟಿನ ತಂತಿಗೆ ಜೋತುಬಿತ್ತು. ಅವನು ಉಳಿದ ಗಂಟುಗಳನ್ನೂ ಸರಸರನೆ ಬಿಚ್ಚಿ ಸೀರೆಯನ್ನು ಅವಳ ಕೈಗೆ ತುರುಕಿದ. ಅಷ್ಟರಲ್ಲಿ ಮಡಿಗಳ ಅಂಚಿನ ಶೆಡ್ಡಿನ ತಗಡಿನ ಮೇಲೆ ಟಪಟಪ ಸದ್ದು.

"ಆಣಿಕಲ್ಲು!"

ಪಕ್ಕದ ಮಡಿಯಲ್ಲಿ ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನ ತುಂಬ ಅವನು ಹೊತ್ತು ತಂದ ನೀರಿತ್ತು. ಒಂದು ಕ್ಷಣವೂ ಯೋಚಿಸದೆ ಅದನ್ನು ಚೆಲ್ಲಿ, ಡ್ರಮ್ಮನ್ನು ಬದನೆ ಗಿಡದ ಮೇಲೆ ಬೋರಲು ಹಾಕಿ, ಹಾರಿಹೋಗದಂತೆ ಅಪ್ಪಿ ಹಿಡಿದು ಕೂತ. ಕಲ್ಲುಗಳು ಅವನ ಬೆನ್ನ ಮೇಲೆ ಬೀಳತೊಡಗಿದವು.

"ಶೆಡ್ಡಿನ್ಯಾಗ ಹೋಗಿ ನಿಂದರ್ರಿ!" ಎಂದು ಕೂಗಿದ.

"ಗಿಡ ನಂದು. ನಾ ಯಾಕ ಹೋಗ್ಲಿ?"

ಶರ್ವರಿ ಸೀರೆಯನ್ನು ಇಬ್ಬರ ತಲೆಯ ಮೇಲೂ ಎಳೆದುಕೊಂಡು ಡ್ರಮ್ಮಿನ ಇನ್ನೊಂದು ಬದಿಯನ್ನು ಹಿಡಿದಳು.

ಮಳೆ ನಿಂತ ಮೇಲೆ ಡ್ರಮ್ಮು ಎತ್ತಿದರು. ಎಲೆಗಳು ಮುದುಡಿದ್ದವು, ಒಂದು ಕೊಂಬೆ ಮುರಿದಿತ್ತು. ಕಾಯಿ ಮಾತ್ರ ತೊಟ್ಟಿಗೆ ಗಟ್ಟಿಯಾಗಿ ನೇತಾಡುತ್ತಿತ್ತು! ಅವಳ ಕಣ್ಣು ತುಂಬಿ ಬಂತು.

"ನಿಮ್ಮ ನೀರೆಲ್ಲ ಚೆಲ್ಲಿ ಹೋತಲ್ರಿ..."

"ಆಕಾಶಾನ ವಾಪಸ್ ಕೊಟ್ಟೈತಿ ಬಿಡ್ರಿ," ಎಂದು ಒದ್ದೆ ಅಂಗಿ ಹಿಂಡುತ್ತ ನಕ್ಕ. "ನಾನು ವಿಶ್ವಜಿತ್. ಬಾಜೂ ಮಡಿ ನಂದ. ದಿನಾ ಮುಂಜಾನೆ ನಿಮ್ಮ ಗಿಡಕ್ಕ ನಮಸ್ಕಾರ ಮಾಡೇ ಹೋಗತೀನಿ."

"ಗಿಡಕ್ಕ ಯಾಕ್ರಿ?"

"ಇಂಥಾ ಬಿಸಲಾಗ ಒಂದ ಕಾಯಿ ಹಿಡಕೊಂಡು ನಿಂತೈತಲ್ರಿ, ಹಟಮಾರಿ!"

ಗಿಡವನ್ನು ಹೊಗಳಿದರೆ ತನ್ನ ಕೆನ್ನೆ ಯಾಕೆ ಬಿಸಿಯಾಗಬೇಕು? ಶರ್ವರಿಗೆ ತಿಳಿಯಲಿಲ್ಲ.

ಮೇ ತಿಂಗಳು ಬೆಂಕಿಯಾಗಿ ಬಂತು. ನಲ್ಲಿಯಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ಸಣ್ಣ ಧಾರೆ. ಅಮೀರ್‌ಪೇಟ್‌ನ ಕೋಚಿಂಗ್ ಸೆಂಟರಿನಲ್ಲಿ ದಿನವಿಡೀ ಲೆಕ್ಕ ಕಲಿಸಿ ಗಂಟಲು ಒಣಗಿಸಿಕೊಂಡು ಬಂದರೂ, ವಿಶ್ವಜಿತ್ ಸಂಜೆ ಮಡಿಗೆ ಬರುವುದನ್ನು ತಪ್ಪಿಸುತ್ತಿರಲಿಲ್ಲ. ಮುಂಜಾನೆಯ ಅಭ್ಯಾಸ ಸಂಜೆಗೆ ಬದಲಾದದ್ದು ಯಾಕೆಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಒಮ್ಮೆ ಕಬ್ಬಿನ ಹಾಲಿನ ಗಾಡಿಯಿಂದ ಸಿಪ್ಪೆ ತಂದು ಎಲ್ಲರ ಗಿಡಗಳ ಬುಡಕ್ಕೂ ಹಾಸಿದ. "ಮಣ್ಣು ತಂಪಿರತೈತಿ," ಎಂದು ಬೀಗಿದ. ಮರುದಿನ ಮಡಿಯ ತುಂಬ ಇರುವೆಗಳ ಜಾತ್ರೆ!

"ತೊಳದು ಒಣಗಿಸಿ ಹಾಕಬೇಕ್ರಿ ಮಾಸ್ತರ್," ಎಂದಳು ಶರ್ವರಿ, ನಗು ತಡೆಯಲಾರದೆ. "ಸಕ್ಕರಿ ಉಳದ್ರ ಇರಿವಿ ಬಿಡತಾವೇನು?"

"ಹೌದಲ್ಲ!" ಎಂದು ಹಣೆ ಬಡಿದುಕೊಂಡ ಅವನು, ಆ ಸಿಪ್ಪೆಯನ್ನೆಲ್ಲ ಬಾಚಿ, ತೊಳೆದು, ಒಣಗಿಸಿ, ಮತ್ತೆ ಹಾಸಿದ. ಮೊದಲು ಪಿಂಕಿ ಅಕ್ಕನ ಮಡಿಗೆ, ಆಮೇಲೆ ಶರ್ವರಿಯ ಮಡಿಗೆ, ಉಳಿದದ್ದು ತನ್ನದಕ್ಕೆ.

'ತಪ್ಪು ತೋರಿಸಿದರೆ ಮುಖ ಸಣ್ಣ ಮಾಡಿಕೊಳ್ಳದ ಗಂಡಸರೂ ಇರುತ್ತಾರೆಯೇ!' ಶರ್ವರಿ ಕದ್ದು ಕದ್ದು ಅವನನ್ನೇ ನೋಡಿದಳು. ಬಿಸಿಲಿಗೆ ಕಪ್ಪಾದ ಕುತ್ತಿಗೆ, ನೀರು ಹೊತ್ತು ಕೆಂಪಾದ ಅಂಗೈ... ಹೇಳಬೇಕೆಂದುಕೊಂಡ ಮಾತು ಪ್ರತಿ ಸಂಜೆ ತುಟಿಯವರೆಗೆ ಬಂದು ಹಿಂದೆ ಸರಿಯುತ್ತಿತ್ತು.

ಕಾಯಿ ಹಳದಿಗೆ ತಿರುಗಿದ ಸುದ್ದಿ ಕೇಳಿ ಒಂದು ಸಂಜೆ ಅಜ್ಜಿ ಕೋಲೂರಿಕೊಂಡು ತಾನೇ ಬಂದಳು. ಶರ್ವರಿ ಕೊಡ ಹಿಡಿದು ನಲ್ಲಿಯ ಕಡೆ ಹೋಗಿದ್ದಳು.

"ಇದರ ಬೀಜ ಏನ್ ಮಾಡತೀರಿ ಅಜ್ಜೀ?" ಎಂದು ಕೇಳಿದ ವಿಶ್ವಜಿತ್.

"ಅರ್ಧ ನಮ್ಮ ಮನ್ಯಾಗ ಇರತಾವಪಾ. ಅರ್ಧ ಶರ್ವರಿ ಗಂಡನ ಮನೀಗೆ. ಉಡಿಯಾಗ ಬೀಜ ಹಾಕೇ ಹುಡುಗೀನ ಕಳಸೂದು ನಮ್ಮ ಪದ್ಧತಿ."

ಅವನ ಕೈಯಲ್ಲಿದ್ದ ಚೆಂಬು ಅಲ್ಲೇ ನಿಂತಿತು. "ಈ... ಈ ವರ್ಷಾನ ಏನ್ರಿ?"

"ಮತ್ತೇನು! ನಾ ಗಟ್ಟಿ ಇರೂದ್ರಾಗ ಆಗಲಿ."

ಅದು ಅಜ್ಜಿಯ ಆಸೆಯಷ್ಟೇ ಆಗಿತ್ತು. ವಿಶ್ವಜಿತ್‌ನ ಕಿವಿಗೆ ಮಾತ್ರ ಅದು ನಿಶ್ಚಯವಾದ ಮುಹೂರ್ತದಂತೆ ಕೇಳಿಸಿತು. ಅವನ ತಾಯಿಯೂ ಬೀದರ್ ಕಡೆಯವಳೇ. ಉಡಿಗೆ ಬೀಜ ಎಂದರೆ ಏನೆಂದು ಅವನಿಗೆ ಗೊತ್ತಿತ್ತು!

ಮರುದಿನ ಸಂಜೆ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಶರ್ವರಿ ಹೋದಾಗಲೆಲ್ಲ, ಹಾಸಿದ ಸಿಪ್ಪೆಯ ಕೆಳಗೆ ಬದನೆಯ ಬುಡ ಆಗಲೇ ಒದ್ದೆಯಾಗಿರುತ್ತಿತ್ತು. ಸೂರ್ಯ ಹುಟ್ಟುವ ಮೊದಲೇ ಬಂದು, ಅವಳ ಗಿಡಕ್ಕೂ ನೀರು ಹಾಕಿ, ಅವಳ ಮುಖ ನೋಡದೆ ಹೊರಟು ಹೋಗುತ್ತಿದ್ದ.

'ನಾನೇನು ತಪ್ಪು ಮಾಡಿದೆ? ಮಾಸ್ತರ್ ಎಂದು ನಕ್ಕದ್ದು ಹೆಚ್ಚಾಯಿತೇ? ಅಥವಾ ಏನೂ ಹೇಳದೆ ಉಳಿದದ್ದೇ...' ಗಿಡದ ಮುಂದೆ ಕೂತು ಅತ್ತಳು. ಕಾಯಿ ದಿನದಿಂದ ದಿನಕ್ಕೆ ಬಂಗಾರದ ಬಣ್ಣಕ್ಕೆ ತಿರುಗುತ್ತಿತ್ತು. ಅದನ್ನು ಕಂಡು ಕುಣಿಯಬೇಕಾದವನು ಇರಲಿಲ್ಲ.

ಗುಟ್ಟು ಒಡೆದವಳು ಪಿಂಕಿ ಅಕ್ಕ.

"ಏನವಾ, ಮದುವಿ ನಿಕ್ಕಿ ಮಾಡಿಕೊಂಡಿ, ಬಾಯಿಗೆ ಒಂದ ಪೇಢಾನೂ ಇಲ್ಲ!"

"ಯಾರ ಮದುವಿ ಅಕ್ಕಾ?"

"ನಿಂದ! ವಿಶ್ವಜಿತ್ ಹೇಳಿದ, ನಿಮ್ಮಜ್ಜಿ ಬೀಜ ಪಾಲ ಮಾಡಾಕತ್ತಾರಂತ. ಪಾಪ, ತನ್ನ ಮಡಿ ಬ್ಯಾರೆಯವರಿಗೆ ಬಿಟ್ಟುಕೊಡತೀನಿ ಅನ್ನಾಕತ್ತಿದ್ದ. ಮಾರಿ ನೋಡಬೇಕಾಗಿತ್ತು, ನೀರಿಲ್ಲದ ಮೆಂತೆ ಸೊಪ್ಪು!"

ಶರ್ವರಿ ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆಳಕು ಹರಿಯುವ ಮೊದಲೇ ಮಡಿಯ ಹತ್ತಿರ ನಿಂತಿದ್ದಳು.

ಕೊಡ ಹೊತ್ತು ಬಂದ ವಿಶ್ವಜಿತ್ ಅವಳನ್ನು ಕಂಡು ನಿಂತುಬಿಟ್ಟ.

"ಕಾಯಿ... ಪೂರ್ತಿ ಹಣ್ಣಾಗೈತಿ," ಎಂದ, ನೆಲ ನೋಡುತ್ತ. "ಇವತ್ತ ಕೊಯ್ಯಬಹುದು. ಛಲೋ ಆತು. ನಿಮ್ಮ ಮದುವಿ ಹೊತ್ತಿಗೆ ಬೀಜ ಒಣಗತಾವ."

"ವಿಶ್ವಜಿತ್, ನಿಮ್ಮ ಮನೀ ಮುಂದ ಬಿಸಲು ಬರತೈತೇನ್ರಿ?"

"ಆಂ?"

"ಬದನಿಗೆ ಬಿಸಲು ಬೇಕಲ್ರಿ..." ಅವಳು ಗಿಡದ ಕಡೆ ತಿರುಗಿಕೊಂಡಳು. ಆದರೂ ಮಾತು ನಿಲ್ಲಿಸಲಿಲ್ಲ. "ನನ್ನ ಮದುವಿ ಎಲ್ಲೂ ನಿಕ್ಕಿ ಆಗಿಲ್ಲ. ಅದು ಅಜ್ಜಿ ಆಸೆ ಅಷ್ಟ. ಅರ್ಧ ಬೀಜ ಯಾವ ಮನೀಗೆ ಹೋಗಬೇಕಂತ ಯಾರೂ ನನ್ನ ಕೇಳಿಲ್ಲ. ಕೇಳಿದ್ರ... ನಾ ಏನ್ ಹೇಳತಿದ್ದೆ ಅಂತ ನಿಮಗ ತಿಳೀದೇನು?"

ಕೊಡ ಅವನ ಹೆಗಲಿನಿಂದ ಜಾರಿತು. ಕಾಲೆಲ್ಲ ಒದ್ದೆಯಾದದ್ದೂ ಅವನಿಗೆ ತಿಳಿಯಲಿಲ್ಲ.

"ಶರ್ವರಿ... ಬಿಸಲು ಬರತೈತಿ. ಮುಂಜಾನಿಂದ ಸಂಜೀತನಕ! ನಮ್ಮ ಮನೀಗೆ ಬ್ಯಾರೆ ಏನೂ ಇಲ್ಲ ಅಂದ್ರೂ ಬಿಸಲಿಗೆ ಕಮ್ಮಿ ಇಲ್ಲ."

ಅವಳು ಕಣ್ಣೀರಲ್ಲೇ ನಕ್ಕುಬಿಟ್ಟಳು.

"ಮೊದಲ ಕೇಳಬಾರದಾಗಿತ್ತೇನ್ರಿ? ಗಾಳಿ ಬರೂದು ಎಲಿ ಅಳ್ಳಾಡೂಕಿಂತ ಮೊದಲ ನಿಮಗ ತಿಳೀತೈತಿ. ನಾ ದಿನಾ ಸಂಜೀ ಯಾಕ ಬರತಿದ್ದೆ ಅನ್ನೂದು ತಿಳೀಲಿಲ್ಲ!"

"ಅದಕ್ಕ ಧೈರ್ಯ ಬೇಕಲ್ಲ. ಆಣಿಕಲ್ಲಿಗೆ ಬೆನ್ನು ಕೊಡೂದು ಸಸಾರ," ಎಂದ ಅವನು. ಮತ್ತೆ ತಡೆದು, "ಭಾಳ ದಿನದಿಂದ ಹೇಳಬೇಕಂದಿದ್ದೆ. ಆ ಹಟಮಾರಿ ಅಂದಿದ್ದು... ಗಿಡಕ್ಕಷ್ಟ ಅಲ್ಲ."

ಇಬ್ಬರೂ ಕೂಡಿಯೇ ಕಾಯಿ ಕೊಯ್ದರು. ತೊಟ್ಟು ಮುರಿಯುವಾಗ ಅವಳ ಬೆರಳ ಮೇಲೆ ಅವನ ಬೆರಳಿತ್ತು.

ಮೇಲೆ ಮೋಡ ಕವಿದಿತ್ತು. ಈ ಸಲ ಗಾಳಿಯ ಅಬ್ಬರವಿಲ್ಲ, ಕಲ್ಲುಗಳಿಲ್ಲ. ಜೂನಿನ ಮೊದಲ ಹನಿಗಳು ಮಣ್ಣಿಗೆ ಮೆಲ್ಲಗೆ ಇಳಿಯತೊಡಗಿದವು.

"ಮಳಿ ಹಿಡೀತಂದ್ರ ನೀರು ಹಾಕಾಕ ಬರೂದು ಬ್ಯಾಡಲ್ರೀ," ಎಂದ ವಿಶ್ವಜಿತ್, ಹುಸಿ ಚಿಂತೆಯಿಂದ.

"ಬ್ಯಾಡ್ರಿ."

"ಮತ್ತ ನಾ ಯಾವ ನೆಪಕ್ಕ ಬರ್ಲಿ?"

ಶರ್ವರಿ ಹಳದಿ ಹಣ್ಣುಗಾಯಿಯನ್ನು ಎದೆಗೊತ್ತಿಕೊಂಡು, ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ನೆಪ ಇಲ್ಲದ ಬರ್ರಿ."