ಮರಿ ಮೊದಲು, ತಾಯಿ ಆಮೇಲೆ

ಶನಿವಾರ ಮಧ್ಯಾಹ್ನ ಎರಡೂವರೆ. ಆಡುದಿಟ್ಟಿನಲ್ಲಿ ಇಬ್ಬರು ಹೆಂಗಸರು ಮತ್ತು ಒಂದು ಮಂದೆ ಕುರಿ ಉಳಿದಿದ್ದರು. ದಾಟಿಸಲು ಇದ್ದದ್ದು ಒಂದೇ ಹರಿಗೋಲು.

ಮೆಟ್ಟೂರು ಹಿನ್ನೀರಿನಲ್ಲಿ, ಕೊಳತ್ತೂರು ಕಡೆಗಿರುವ ಸಣ್ಣ ನಡುಗಡ್ಡೆ ಅದು. ನಾಲ್ಕು ಮನೆ, ಒಂದು ಹುಣಸೆಮರ, ಸುತ್ತ ನೀರು. ಚಂಡಮಾರುತಕ್ಕೆ ಅಲ್ಲಿನವರು ತಮಿಳಿನ ಪುಯಲ್ ಎಂಬ ಮಾತನ್ನೇ ಬಳಸುತ್ತಾರೆ. ಇಷ್ಟು ವರ್ಷ ಪುಯಲ್ ಅಂದರೆ ಕಡಲ ದಂಡೆಯವರ ಪಾಡು, ಟಿವಿಯಲ್ಲಿ ನೋಡಿ ಅಯ್ಯೋ ಪಾಪ ಅನ್ನುವಂಥದ್ದು. ಈ ಸಲ ಹಾಗಿರಲಿಲ್ಲ. ರಮಾ ಗಂಟೆಗೊಮ್ಮೆ ಹುಣಸೆಮರದ ಬುಡದ ಬಂಡೆ ಹತ್ತಿ ಫೋನ್ ನೋಡುತ್ತಿದ್ದಳು. ಸಿಗ್ನಲ್ ಸಿಗುತ್ತಿದ್ದುದು ಅಲ್ಲಿ ಮಾತ್ರ. ಮ್ಯಾಪಿನ ಬಿಳಿ ಸುಳಿ ಪ್ರತಿ ಸಲವೂ ಇನ್ನಷ್ಟು ಹತ್ತಿರ ಬಂದಿರುತ್ತಿತ್ತು. ರಾತ್ರಿಯೊಳಗೆ ಅದು ನೆಲ ಹತ್ತುತ್ತದೆ, ಧರ್ಮಪುರಿ, ಸೇಲಂ ಬೆಟ್ಟಗಳ ಮೇಲೆ ಮಳೆ ಸುರಿಯುತ್ತದೆ ಎಂದು ಸುದ್ದಿ. ಹಿನ್ನೀರು ಆಗಲೇ ತುಂಬಿ ನಿಂತಿತ್ತು.

ಬೆಳಿಗ್ಗೆ ಸರ್ಕಾರದ ಫೈಬರ್ ಬೋಟ್ ಬಂದು ಉಳಿದ ಮನೆಗಳವರನ್ನು ಕರೆದೊಯ್ದಿತ್ತು. ಬೋಟಿನಲ್ಲಿ ಕುರಿಗೆ ಜಾಗವಿಲ್ಲ ಅಂದರು. ಕುರಿ ಬಿಟ್ಟು ಬರಲ್ಲ ಎಂದಳು ಅಜ್ಜಿ ಯಲ್ಲಮ್ಮ. ಅಜ್ಜಿಯನ್ನು ಬಿಟ್ಟು ಬರಲ್ಲ ಎಂದಳು ರಮಾ. ಅವಳ ಅಪ್ಪ ಕುಪ್ಪಸ್ವಾಮಿ ಮರಿಗಳನ್ನೆಲ್ಲ ಹರಿಗೋಲಿಗೆ ತುಂಬಿಸಿಕೊಂಡು ಬಡಗಣ ದಡಕ್ಕೆ ಹೋದ. ದಿಟ್ಟಿನ ರೂಢಿಯೇ ಅದು. ಮರಿ ಮೊದಲು ದಾಟಿದರೆ ತಾಯಿಕುರಿಗಳನ್ನು ಯಾರೂ ಎಳೆಯಬೇಕಾಗಿಲ್ಲ, ತಾವಾಗಿ ಹರಿಗೋಲು ಹತ್ತುತ್ತವೆ.

ಹರಿಗೋಲು ಮುನಿರಾಜುವಿನದು, ಹುಟ್ಟು ಹಾಕಿದ್ದೂ ಅವನೇ. ಅವನು ರಮಾಳ ಸೋದರತ್ತೆಯ ಮಗ, ಯಲ್ಲಮ್ಮನಿಗೆ ಮಗಳ ಮಗ.

ಮರಿಗಳನ್ನೂ ಕುಪ್ಪಸ್ವಾಮಿಯನ್ನೂ ದಡದಲ್ಲಿ ಇಳಿಸಿ ಅವನು ವಾಪಸಾದಾಗ ಮೈಯೆಲ್ಲ ಒದ್ದೆಯಾಗಿತ್ತು. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹಿಂಡಿದ. ರೆಪ್ಪೆಯ ಮೇಲೆ ಒಂದು ಹನಿ ನಿಂತೇ ಇತ್ತು. ಅದು ಬೀಳುವುದನ್ನು ರಮಾ ಕಾಯುತ್ತಿದ್ದಳು. ಅವನು ತಿರುಗಿ ನೋಡಿದ ಕೂಡಲೇ ಮೋಡ ನೋಡುವವಳಂತೆ ಕತ್ತೆತ್ತಿದಳು.

"ಮೋಡ ಆ ಕಡೆ ಇಲ್ಲ, ಈ ಕಡೆ ಐತೆ," ಎಂದ ಮುನಿರಾಜು.

"ಯಾಕಿಷ್ಟು ಲೇಟು?"

"ನಾನೇನು ಕಂಡಕ್ಟರಾ, ವಿಷಲ್ ಊದಿ ಟೈಮಿಗೆ ಬರಕ್ಕೆ?"

ಮಾತು ಎಲ್ಲಿಗೆ ಚುಚ್ಚಿತೆಂದು ಇಬ್ಬರಿಗೂ ಗೊತ್ತಿತ್ತು. ರಮಾಳನ್ನು ನೋಡಲು ಸೋಮವಾರ ನಲ್ಲಂಪಳ್ಳಿಯಿಂದ ಬರುವವನು ಬಸ್ ಕಂಡಕ್ಟರ್.

ಅವರ ಮನೆತನದಲ್ಲಿ ಸೋದರತ್ತೆಯ ಮಗನಿಗೆ ಹುಡುಗಿಯ ಮೇಲೆ ಮೊದಲ ಹಕ್ಕು. ಬೇರೆ ಕಡೆ ಸಂಬಂಧ ನೋಡುವ ಮುಂಚೆ ಅವನ ಮನೆಗೆ ವೀಳ್ಯದೆಲೆ ಕಳಿಸಬೇಕು. ಎಲೆ ಇಟ್ಟುಕೊಂಡರೆ ಹುಡುಗಿ ಅವನಿಗೆ. ವಾಪಸ್ ಕಳಿಸಿದರೆ ಹಕ್ಕು ಬಿಟ್ಟ ಹಾಗೆ. ದೀಪಾವಳಿ ಕಳೆದ ಮೇಲೆ ಕುಪ್ಪಸ್ವಾಮಿ ಎಲೆ ಕಳಿಸಿದ್ದ. ಚಿಕ್ಕಂದಿನಿಂದ ತನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವನು, ಸಂತೆಯಿಂದ ಬಳೆ ತಂದು ಅಜ್ಜಿಗೆ ಅಂತ ಸುಳ್ಳು ಹೇಳುತ್ತಿದ್ದವನು, ಎಲೆ ಇಟ್ಟುಕೊಳ್ಳುತ್ತಾನೆ ಎನ್ನುವುದರಲ್ಲಿ ರಮಾಳಿಗೆ ಅನುಮಾನವೇ ಇರಲಿಲ್ಲ. ಎಲೆ ಬಾಡುವ ಮೊದಲೇ ವಾಪಸ್ ಬಂತು. ಅಂದಿನಿಂದ ಅವಳು ಅವನನ್ನು, ಆ ಕಡೆಯ ಹುಡುಗಿಯರು ಸೋದರತ್ತೆಯ ಮಗನನ್ನು ಕರೆಯುವ ಹಾಗೆ, ಮಾವ ಎಂದು ಕರೆದಿರಲಿಲ್ಲ.

"ಜಗಳ ಆಮೇಲೆ ಆಡ್ರಲಾ," ಎಂದಳು ಯಲ್ಲಮ್ಮ. "ನೀರು ನೋಡು, ಬಟ್ಟೆ ಒಗೆಯೋ ಕಲ್ಲೇ ಕಾಣ್ತಾ ಇಲ್ಲ."

ಆಗ ಗಾಳಿ ಜೋರಾಯಿತು. ಬಡಗಲಿಂದ, ನೇರ ದಡದ ಕಡೆಯಿಂದ. ಅದರ ಜೊತೆ ಮರಿಗಳ ಅರಚು ಕೇಳಿಸಿತು, ಪಕ್ಕದ ಮನೆಯಲ್ಲಿದ್ದಷ್ಟು ಸ್ಪಷ್ಟವಾಗಿ.

ಬೇಲಿ ಹಾಕಿದ ರೊಪ್ಪದೊಳಗಿನ ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು.

ಮುನಿರಾಜುವಿನ ಮುಖದ ನಗು ಹೋಯಿತು. "ತಪ್ಪು ಮಾಡ್ಬುಟ್ವಿ. ಇಂಥ ಗಾಳೀಲಿ ಮರೀನ ಮೊದ್ಲು ಕಳಿಸ್ಬಾರ್ದಾಗಿತ್ತು. ಇವು ನಿಲ್ಲಲ್ಲ."

ಅವನು ಸಿಕ್ಕಷ್ಟು ಕುರಿಗಳ ಕಾಲು ಕಟ್ಟಿ ಹರಿಗೋಲಿಗೆ ಹಾಕಿದ, ಅಜ್ಜಿಯನ್ನು ಎತ್ತಿ ನಡುವೆ ಕೂರಿಸಿದ. "ನೀನು ರೊಪ್ಪದ ಬಾಗಿಲು ಬಿಡಬೇಡ. ಬತ್ತೀನಿ."

"ಬರದೇ ಇದ್ರೆ?"

"ಬತ್ತೀನಿ ಅಂದ್ನಲ್ಲ."

ರಮಾ ರೊಪ್ಪದ ಬಾಗಿಲಿಗಿದ್ದ ಮುಳ್ಳಿನ ಪಡಲಿಗೆ ಬೆನ್ನು ಕೊಟ್ಟು ನಿಂತಳು. ಹರಿಗೋಲು ಅರ್ಧ ದಾರಿ ಹೋಗಿತ್ತು. ಮತ್ತೊಮ್ಮೆ ಗಾಳಿ ಬೀಸಿತು, ಮತ್ತೊಮ್ಮೆ ಮರಿಗಳು ಕೂಗಿದವು. ಕುರಿಗಳು ಒಟ್ಟಾಗಿ ನುಗ್ಗಿದವು. ಪಡಲು ಮುರಿದು ಅವಳು ಬಿದ್ದಳು. ಅವಳ ಮೇಲೇ ಹಾದು ಇಡೀ ಮಂದೆ ನೀರಿಗೆ ಧುಮುಕಿತು.

ಕುರಿ ಈಜುತ್ತದೆ. ಆದರೆ ದಣಿದಾಗ ಹತ್ತಿರ ಸಿಕ್ಕಿದ್ದನ್ನು ಹತ್ತಲು ನೋಡುತ್ತದೆ. ಅವು ಹರಿಗೋಲನ್ನು ಮುತ್ತಿದ್ದು ರಮಾಳಿಗೆ ಕಂಡಿತು. ಒಂದು ಕುರಿ ಅಂಚಿನ ಮೇಲೆ ಮುಂಗಾಲಿಟ್ಟಿತು. ಹರಿಗೋಲು ಓರೆಯಾಯಿತು, ಅಜ್ಜಿಯ ಕೆಂಪು ಸೀರೆ ಒಂದು ಬದಿಗೆ ಜಾರಿತು. ಅಷ್ಟರಲ್ಲಿ ಪಾಲಮಲೆ ಬೆಟ್ಟದ ಕಡೆಯಿಂದ ಮಳೆ ಇಳಿದು ಬಂದು ಎಲ್ಲವನ್ನೂ ಮುಚ್ಚಿತು.

ಅವಳು ಕೂಗಿದಳು. ತನ್ನ ದನಿ ತನಗೇ ಕೇಳಿಸಲಿಲ್ಲ.

ಬಂಡೆ ಹತ್ತಿ ಫೋನ್ ಮಾಡಿದಳು. ಲೈನ್ ಸಿಗಲಿಲ್ಲ. ಮತ್ತೆ ಮಾಡಿದಳು. ಕೆಳಗೆ ನೀರು ಮೊದಲ ಮನೆಯ ಜಗುಲಿ ಮುಟ್ಟಿತು. ಒದ್ದೆ ಪರದೆಯ ಮೇಲೆ ಬೆರಳು ಜಾರುತ್ತಿತ್ತು. ಅಜ್ಜಿಗೆ ಈಜು ಬಾರದು. ಅವನಿಗೆ ಬರುತ್ತದೆ, ಆದರೆ ಅಜ್ಜಿಯನ್ನು ಬಿಟ್ಟು ಈಜುವವನಲ್ಲ. ಆ ಯೋಚನೆ ಅಲ್ಲಿಂದ ಮುಂದಕ್ಕೆ ಹೋಗಲು ಅವಳು ಬಿಡಲಿಲ್ಲ.

ಕೊನೆಗೆ ಅಪ್ಪನ ದನಿ ತುಂಡುತುಂಡಾಗಿ ಬಂತು. "ಅಜ್ಜಿ ಬಂದವ್ಳೆ... ಚೆನ್ನಾಗವ್ಳೆ... ಕುರಿ ಸುಮಾರು ಬಂದವೆ..."

"ಮಾವ?"

"ಬೇಡ ಅಂದೆ ಕಣಮ್ಮ. ಕೇಳ್ಲಿಲ್ಲ. ನಿನ್ನ ಕಡೀಕೇ ಒಂಟವ್ನೆ..."

ಲೈನ್ ಹೋಯಿತು. ಅದುವರೆಗೆ ಇದ್ದದ್ದು ಭಯವೇ ಅಲ್ಲ ಎಂದು ರಮಾಳಿಗೆ ಆಗ ತಿಳಿಯಿತು. ಅವನು ಬರಬಾರದು ಎಂದು ಬೇಡಿಕೊಂಡಳು. ಬೇಡಿಕೊಳ್ಳುತ್ತಲೇ ಮಳೆಯೊಳಗೆ ಕಪ್ಪು ಚುಕ್ಕೆಗಾಗಿ ಕಣ್ಣು ಹಾಯಿಸಿದಳು. ಕಂಡದ್ದೆಲ್ಲ ತೇಲುವ ಮರದ ದಿಮ್ಮಿ, ಹುಲ್ಲಿನ ಮೆದೆ. ಒಂದು ದಿಮ್ಮಿಗೆ ಕೈ ಇದ್ದ ಹಾಗಿತ್ತು. ಅದು ಹತ್ತಿರ ಬಂದಾಗ ಹರಿಗೋಲಾಯಿತು.

ಅವನು ಇಳಿದು ಹರಿಗೋಲನ್ನು ಮೇಲಕ್ಕೆ ಎಳೆದ. ಅಂಗೈ ಸುಲಿದು ರಕ್ತ ಬರುತ್ತಿತ್ತು. ರಮಾ ಓಡಿ ಹೋಗಿ ಅವನ ತೋಳಿಗೆ ಹೊಡೆದಳು, ಎರಡು ಸಲ.

"ಬರಬೇಡ ಅಂತ ಅಪ್ಪ ಹೇಳ್ಲಿಲ್ವಾ ಮಾವ?"

ಅವನು ಉಸಿರು ಎಳೆದುಕೊಳ್ಳುತ್ತಾ ಅವಳ ಮುಖ ನೋಡಿದ. ಮಳೆ ಹೊಡೆಯುತ್ತಿದ್ದರೂ ಕಣ್ಣು ಮಿಟುಕಿಸಲಿಲ್ಲ. "ಏನಂದೆ?"

"ಏನಿಲ್ಲ. ಅಜ್ಜಿ ಎಂಗೆ ಉಳೀತು?"

"ಹತ್ತಕ್ಕೆ ಬಂದ ಕುರಿಗೆಲ್ಲ ಮೂತಿ ಮೇಲೆ ಒಂದೊಂದು ಏಟು ಕೊಟ್ಟು ತಳ್ತಾ ಇತ್ತು. ಅವುಕ್ಕಿಂತ ಜಾಸ್ತಿ ಬೈಗುಳ ನಂಗೆ." ನಗಲು ನೋಡಿದ, ಆಗಲಿಲ್ಲ. "ರಾಗಿ ಮೂಟೆ ತಾ. ಹರಿಗೋಲು ಖಾಲಿ ಇದ್ರೆ ಗಾಳಿಗೆ ಮಗುಚ್ಕೊಳ್ತದೆ. ಭಾರ ಬೇಕು."

ಟಾರ್ಪಾಲು ಸುತ್ತಿದ ಮೂಟೆಗಳನ್ನು ಇಬ್ಬರೂ ಎಳೆದು ಹಾಕಿದರು. ಅವಳು ತಳದಲ್ಲಿ ಕೂತು ಚೊಂಬಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲಬೇಕು, ಅವನು ಹುಟ್ಟು ಹಾಕಬೇಕು. ದಿಟ್ಟು ಬೇಗನೆ ಮರೆಯಾಯಿತು. ದಡ ಇನ್ನೂ ಕಾಣುತ್ತಿರಲಿಲ್ಲ. ಅಲೆ ಒಂದೊಂದು ಬಂದಾಗಲೂ ಹರಿಗೋಲು ಏರಿ, ನಿಂತು, ಬೀಳುತ್ತಿತ್ತು. ಬೀಳುವಾಗಲೆಲ್ಲ ರಮಾ ಅವನ ಕಾಲು ಹಿಡಿಯುತ್ತಿದ್ದಳು.

"ಎಲೆ ಯಾಕೆ ವಾಪಸ್ ಕೊಟ್ಟೆ?"

"ಈಗ ಕೇಳ್ತೀಯಾ ಅದ?"

"ಆಮೇಲೆ ಕೇಳಕ್ಕೆ ಆಗ್ದೇ ಹೋದ್ರೆ?"

ಅವನು ಮುಂದಿನ ಅಲೆಗೆ ಎದುರಾಗಿ ಹುಟ್ಟು ಹಾಕಿದ.

"ನಮ್ಮವ್ವನ್ನ ಯಾರೂ ಕೇಳ್ಲಿಲ್ಲ. ಎಲೆ ಇಟ್ಕೊಂಡ್ರು, ತಾಳಿ ಕಟ್ಟಿದ್ರು. ಸಾಯೋ ತನಕ ನಮ್ಮಪ್ಪನ ಜೊತೆ ಒಂದು ದಿನ ನಗ್ತಾ ಮಾತಾಡ್ಲಿಲ್ಲ ಅವಳು. ನಂಗೆ ಹಕ್ಕಿನ ಮೇಲೆ ನೀನು ಬೇಡ. ಎಲೆ ವಾಪಸ್ ಕೊಟ್ರೆ, ಯಾಕೋ ಕೊಟ್ಟೆ ಅಂತ ಬಂದು ಜಗಳ ಆಡ್ತೀಯ ಅಂದ್ಕೊಂಡಿದ್ದೆ. ನೀ ಬರ್ಲೇ ಇಲ್ಲ."

"ಬೇಡ ಅಂದೋನ ಬಾಗ್ಲಿಗೆ ಯಾಕ್ ಬರ್ಲಿ ನಾನು?"

"ಬೇಡ ಅಂದಿದ್ದು ಹಕ್ಕು. ನಿನ್ನಲ್ಲ."

"ಅದ ಬಾಯಿಬಿಟ್ಟು ಹೇಳಕ್ಕೆ ಏನಾಗಿತ್ತು ದಾಡಿ?"

ನೀರು ಒಳಗೆ ತುಂಬುತ್ತಿತ್ತು. ರಮಾ ಮೊಗೆದು ಚೆಲ್ಲಿದಳು, ಮತ್ತೆ ಮೊಗೆದಳು. ಅಳು ಬರುತ್ತಿದೆಯೋ ಮಳೆಯೋ ಅವಳಿಗೇ ತಿಳಿಯಲಿಲ್ಲ.

"ಸರಿ," ಎಂದಳು, ಚೊಂಬು ನಿಲ್ಲಿಸದೆ. "ಈಗ ಹಕ್ಕು ಇಲ್ವಲ್ಲ. ನಾನೇ ಕೇಳ್ತಾ ಇದೀನಿ. ನನ್ನ ಕಟ್ಕೋತೀಯಾ ಮಾವ?"

ಮುನಿರಾಜುವಿನ ಕೈ ನಿಂತಿತು. ಹರಿಗೋಲು ಗಾಳಿಗೆ ಸಿಕ್ಕಿ ಒಂದು ಪೂರ್ತಿ ಸುತ್ತು ತಿರುಗಿತು. ಅಂಚಿನ ಮೇಲಿಂದ ನೀರು ಒಳಗೆ ಹಾರಿತು.

"ಹುಟ್ಟು ಹಾಕು, ಹುಟ್ಟು ಹಾಕು ಮೊದ್ಲು," ಎಂದು ಅವಳು ಅವನ ಮೊಣಕಾಲಿಗೆ ಗುದ್ದಿದಳು. "ಸತ್ಮೇಲೆ ಕಟ್ಕೋತೀಯಾ?"

"ಇಲ್ಲ. ಬದುಕಿದ್ದಾಗ್ಲೇ." ಹುಟ್ಟು ನೀರಿಗೆ ಬಿತ್ತು. "ಕಟ್ಕೋತೀನಿ. ನೀರು ಮೊಗಿ."

ಎಷ್ಟೋ ಹೊತ್ತಿನ ಮೇಲೆ ಮಳೆಯ ಆಚೆ ಟಾರ್ಚಿನ ಬೆಳಕು ಆಡಿತು. ಯಲ್ಲಮ್ಮ ಇಬ್ಬರ ಹೆಸರನ್ನೂ ಹಿಡಿದು ಬೈಯುತ್ತಿರುವುದು ಗಾಳಿಯಲ್ಲಿ ಬಂತು. ತಳ ಮಣ್ಣಿಗೆ ತಾಗಿದ ಮೇಲೂ ರಮಾ ಅವನ ಕಾಲು ಬಿಟ್ಟಿರಲಿಲ್ಲ.

ಪುಯಲ್ ಆ ರಾತ್ರಿ ನೆಲ ಹತ್ತಿತು. ಭಾನುವಾರ ಸಂಜೆಗೆ ಆಡುದಿಟ್ಟಿನಲ್ಲಿ ಹುಣಸೆಮರದ ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಸೋಮವಾರ ರಸ್ತೆ ಕೊಚ್ಚಿಹೋಗಿದ್ದರಿಂದ ನಲ್ಲಂಪಳ್ಳಿಯವರು ಬರಲಿಲ್ಲ. ಮುಂದಿನ ವಾರ ಬರುತ್ತೇವೆ ಎಂದು ಮೆಸೇಜು ಕಳಿಸಿದ್ದರು. ಬುಧವಾರ ಟವರ್ ಸರಿಹೋದಾಗ ರಮಾ ತಾನೇ ಅವರಿಗೆ ಫೋನ್ ಮಾಡಿ, ಬರುವುದು ಬೇಡ ಎಂದು ಹೇಳಿದಳು.