ನಲವತ್ತೊಂದು ಕಾರ್ಡಿನ ಚೌಕಾಬಾರ

"ನಲವತ್ತೊಂದು ಕಾರ್ಡು! ಒಂದರಾಗರೆ ಚೌಕಾ ಬಿದ್ದೈತೇನ್ರಿ?"

ಗುಡಗೇರಿಯ ಕಾಳಿನ ಅಂಗಡಿಯಲ್ಲಿ, ಕಡಲೆಯ ಚೀಲದ ಮೇಲೆ ಅಂಚೆ ಕಾರ್ಡುಗಳ ಕಟ್ಟನ್ನು ಅಪ್ಪಳಿಸಿದಳು ಗುರವ್ವ. ಅಣ್ಣಿಗೇರಿಯಿಂದ ಹೊರಟು, ಹುಬ್ಬಳ್ಳಿಯಲ್ಲಿ ರೈಲು ಬದಲಿಸಿ, ಒಬ್ಬಳೇ ಬಂದಿದ್ದಳು. ಎಂಬತ್ತಾರನೇ ಇಸವಿಯಲ್ಲಿ, ಮದುವೆಯಾಗದ ಹೆಣ್ಣುಮಗಳು ಹಾಗೆ ಬರುವುದೆಂದರೆ ಸಣ್ಣ ಮಾತೇ!

ಗಲ್ಲಾಪೆಟ್ಟಿಗೆಯ ಹಿಂದೆ ಶಂಭುಲಿಂಗಪ್ಪ ಎದ್ದು ನಿಂತ.

"ಬರೇ ಒಂದು, ಎರಡು, ಒಂದು! ನಿಮ್ಮ ಕೈಯಾಗ ಬಂದ ಕೂಡ್ಲೆ ಕವಡಿ ಸಾಯ್ತಾವೇನು?"

"ಸಾವಕಾಶ ಮಾತಾಡ್ರಿ, ಮಂದಿ ನೋಡಾಕತ್ತಾರ..."

"ನೋಡ್ಲಿ! ಮೂರು ವರ್ಷ ನನ್ನ ಮಾರಿ ನೋಡಿ ನಕ್ಕಾರ. ಇವತ್ತ ನಿಮ್ಮ ಮಾರಿನೂ ನೋಡ್ಲಿ."

ಮೂರು ವರ್ಷದ ಹಿಂದೆ ನೆಂಟರ ಮದುವೆಯಲ್ಲಿ ಇಬ್ಬರೂ ಚೌಕಾಬಾರ ಆಡಲು ಕೂತಿದ್ದರು. ಆಟ ಅರ್ಧಕ್ಕಿರುವಾಗಲೇ ಅವನ ರೈಲಿನ ಹೊತ್ತಾಯಿತು. "ಉಳಿದದ್ದು ಕಾರ್ಡಿನ್ಯಾಗ ಆಡೂಣು," ಎಂದಿದ್ದ. ಆಮೇಲೆ ದನಿ ತಗ್ಗಿಸಿ, "ನನ್ನ ನಾಕೂ ಕಾಯಿ ಹಣ್ಣಾದ ದಿನ ಬಂದು ನಿಮ್ಮಪ್ಪನ ಕೇಳ್ತೇನಿ."

ಮನೆಯಲ್ಲಿ ಕವಡೆ ಎಸೆಯುವುದು, ಬಿದ್ದ ಗರವನ್ನು, ಒಂದೋ ಎರಡೋ, ನಾಲ್ಕರ ಚೌಕವೋ ಎಂಟರ ಬಾರವೋ, ಕಾರ್ಡಿನಲ್ಲಿ ಬರೆದು ಹಾಕುವುದು. ಅಂಚೆಯ ಮಾಬುಸಾಬ ಓದಿದರೂ ಅದರಲ್ಲೇನಿದೆ? ಬರೀ ಅಂಕಿ! ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಂಬಬೇಕು, ಅಷ್ಟೇ.

ಆದರೆ ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ನಮ್ಮ ಕಾಯಿ ಒಳಮನೆಗೆ ಹೋಗುವಂತಿಲ್ಲ, ಹಣ್ಣಾಗುವಂತಿಲ್ಲ. ಅವನು ಕಡಿಯಲೆಂದೇ ಗುರವ್ವ ಮೂರು ಕಾಯಿ ಹಣ್ಣು ಮಾಡಿ, ಕಡೆಯದನ್ನು ಅವನ ಕಾಯಿಯ ಮುಂದೆಯೇ ನಿಲ್ಲಿಸಿ, ತನ್ನ ಸರದಿಯನ್ನು ಬಿಟ್ಟುಕೊಡುತ್ತಾ ಕೂತಳು.

ಕಡೀರಿ... ಒಮ್ಮೆ ಕಡೀರಿ!

ಅವನು ಬೇರೆ ಕಾಯಿ ನಡೆಸಿದ. ಹೊರಸುತ್ತಿನಲ್ಲೇ ಗಿರಕಿ. ಅವಳನ್ನು ನೋಡಲು ಬಂದ ಇಬ್ಬರು ವರಗಳನ್ನು ಅವಳೇ ಒಲ್ಲೆನೆಂದು ಕಳಿಸಿದಳು.

"ಸೋಮವಾರ ನವಲಗುಂದದವರು ನನ್ನ ನೋಡಾಕ ಬರ್ತಾರ. ವರಗ ಎರಡನೇ ಸಂಬಂಧ. ಅಪ್ಪ ಹೂಂ ಅಂದಾನ," ಎಂದಳು ಈಗ. "ಖರೆ ಹೇಳ್ರಿ, ನಾ ಬ್ಯಾಡಾದ್ನೇನು?"

"ಗುರವ್ವ... ಚೌಕಾ ಬಿದ್ದಿದ್ವು. ಬಾರಾನೂ ಬಿದ್ದಿದ್ವು. ನಾನ ಸುಳ್ಳು ಬರದೆ."

"ಯಾಕ?"

"ಅಕ್ಕಂದು ಮದುವಿ ಆಗಿಲ್ಲ. ಆಕಿನ್ನ ಬಿಟ್ಟು ನಾ ಹ್ಯಾಂಗ... ಇದನ್ನ ಕಾರ್ಡಿನ್ಯಾಗ ಬರದ್ರ ಊರ ಮಂದಿ ಓದ್ತಾರ. ಆಟ ಮುಗೀಬಾರದು, ನೀವು ಬಿಟ್ಟೂ ಹೋಗಬಾರದು ಅಂತ..."

ಒಳಗೆ ಕಾಳು ಹಸನು ಮಾಡುತ್ತಿದ್ದ ಅವನ ಅಕ್ಕ ರೇವವ್ವ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ಲೇ ಶಂಭು, ನನ್ನ ಹೆಸರು ಹೇಳಬ್ಯಾಡ. ಮದುವಿ ಒಲ್ಲೆ ಅಂತ ಅವ್ವಗ ಎಂದೋ ಹೇಳೇನಿ. ನೀ ಒಮ್ಮೆರೆ ನನ್ನ ಕೇಳೀಯೇನು?"

ಕೇಳಿರಲಿಲ್ಲ. ಅವನು ತಲೆ ತಗ್ಗಿಸಿದ.

ಗುರವ್ವಳಿಗೆ ನಗು ಬಂತು, ಬೆನ್ನಿಗೇ ಅಳು. ಒಂದು ಮಾತು... ಒಂದೇ ಒಂದು ಮಾತು ಕೇಳದ್ದಕ್ಕೆ ಮೂರು ವರ್ಷ!

"ನನ್ನ ಒಂದೊಂದು ಗರಾನೂ ಖರೆ ಇತ್ರಿ."

"ತಪ್ಪಾತು."

"ಅಂದ್ರ ಆ ದಿನ ಹೊಳ್ಳಿ ಬರ್ತಾವೇನು?"

"ಇಲ್ಲ." ಅವನ ಕಣ್ಣು ತುಂಬಿತ್ತು. "ನೀವಂದ್ರ ನನಗ ಜೀವ, ಗುರವ್ವ. ಹೇಳೂ ಧೈರ್ಯ ಇರಲಿಲ್ಲ."

ಯಾವ ಮಾತಿಗಾಗಿ ಇಷ್ಟು ದಿನ ಕಾದಿದ್ದಳೋ ಆ ಮಾತು ಬಂದಿತ್ತು. ಆದರೆ ನಾಲಗೆಯ ಮೇಲೆ ಬರೀ ಕಹಿ.

ಕಾರ್ಡುಗಳನ್ನು ಅಲ್ಲೇ ಬಿಟ್ಟು ಅವಳು ಸ್ಟೇಷನ್ನಿನ ದಾರಿ ಹಿಡಿದಳು. ಹಿಂದೆ ಹೆಜ್ಜೆಯ ಸಪ್ಪಳ. ಅಂಗಿಗೆ ಅಂಟಿದ ಧೂಳನ್ನೂ ಕೊಡವದೆ ಅವನು ಬರುತ್ತಿದ್ದ.

"ಎಲ್ಲಿಗ್ರಿ?"

"ನಿಮ್ಮಪ್ಪನ ಹತ್ರ. ಇವತ್ತ."

"ಅಪ್ಪ ಬೈತಾನ."

"ಬೈಲಿ."

"ಕೂಡ್ರಿ ಅನ್ನಂಗಿಲ್ಲ."

"ನಿಂತ ಕೇಳ್ತೇನಿ... ನೀವು ಬಾಜೂಕ ನಿಲ್ತೀರಿಲ್ಲೋ?"

ಅವಳು ಹೆಜ್ಜೆ ನಿಧಾನ ಮಾಡಿ, ಅವನನ್ನು ಜೊತೆಗೆ ಬರಗೊಟ್ಟಳು.

"ನಿಲ್ತೇನಿ," ಎಂದಳು. "ಆದ್ರ ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಇರ್ಲಿ. ಎಷ್ಟು ದಿನ ಬೇಕೋ ತಗೋರಿ. ನಾ ಇರ್ತೇನಿ."