ಮೂರನೇ ಪಂಜರದ ಮೀನು

ಮೂರನೇ ಪಂಜರ ಖಾಲಿಯಾಗಿತ್ತು.

ಬೆಳಗಿನ ಮೇವು ಹಾಕಲು ಹೋದ ಆಳುಗಳು ಮೇವಿನ ಗುಳಿಗೆ ಎರಚಿ ಕಾದರು. ಒಳಗೆ ಒಂದು ಮೀನೂ ಮೇಲೇಳಲಿಲ್ಲ. ಬಲೆ ಎಳೆದು ನೋಡಿದರೆ—ನೀರಿನ ಮಟ್ಟದಿಂದ ತಳದ ತನಕ ಒಂದೇ ಸೀಳು! ಹರಿದದ್ದಲ್ಲ, ಚೂರಿಯಿಂದ ಸೀಳಿದ್ದು. ಕಡಲಲ್ಲಿ ಪಂಜರ ಇಳಿಸಿ, ಕೈಯಾರೆ ಮೇವು ಹಾಕಿ ಸಾಕಿದ್ದೆಲ್ಲ ನೀರುಪಾಲು.

ಇನ್‌ಸ್ಪೆಕ್ಟರಮ್ಮ ದೋಣಿಯಲ್ಲಿ ಅಲ್ಲಿಗೆ ತಲುಪುವಷ್ಟರಲ್ಲಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಡಲಿಗೆ ಒಪ್ಪಿಸಿದ್ದರು. ಬಂದರಿನ ಠಾಣೆಗೆ ವರ್ಗವಾಗಿ ಬಂದಂದಿನಿಂದ ಅವರಿಗೂ ನೀರಿಗೂ ಎಣ್ಣೆ ಸೀಗೆಕಾಯಿ. ನೋಯುವ ಮಂಡಿ ಹಿಡಿದುಕೊಂಡು ತೇಲುಹಲಗೆಯ ಮೇಲೆ ಹತ್ತಿದಾಗ, ಇಲ್ಲಿ ಯಾರು ಯಾರನ್ನು ಸೀಳಿದರೂ ತನಗೇನು ಎನ್ನಿಸುವಷ್ಟು ಆಯಾಸವಾಗಿತ್ತು.

ಪಂಜರಗಳ ಮಾಲೀಕ ಕಾಯುತ್ತಿದ್ದ. ಒಂದು ತಿಂಗಳು ಪರದೇಶ ಸುತ್ತಿ ಆ ಬೆಳಿಗ್ಗೆಯಷ್ಟೇ ಬಂದಿಳಿದಿದ್ದ.

"ಪತ್ತೆ ಮಾಡೋಕೆ ಇದರಲ್ಲಿ ಏನಿದೆ ಮೇಡಂ? ಕೆಂಡಣ್ಣನ್ನ ಎಳ್ಕೊಂಡು ಬನ್ನಿ!"

ಕೆಂಡಣ್ಣ ಬಂದರಿನ ಹಳೆಯ ಬಲೆಗಾರ. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿದ್ದುದರಿಂದ ಆ ಅಡ್ಡಹೆಸರು. ಹಿಂದಿನ ವಾರ ಮೀನು ಹರಾಜಿನ ಕಟ್ಟೆಯ ಮೇಲೆ, ಮೈತುಂಬ ಹುಣ್ಣಾದ ಮೀನೊಂದನ್ನು ಎತ್ತಿ ಹಿಡಿದು ಅವನು ಕೂಗಿದ್ದನ್ನು ಊರೆಲ್ಲ ಕೇಳಿತ್ತು: "ಪಂಜರದ ಕೊಳಕಿಂದ ಕಡಲ ಮೀನೂ ಕೆಡ್ತಾ ಇದೆ. ಒಂದಿನ ಆ ಬಲೆ ಸೀಳಿ ಹಾಕದಿದ್ರೆ ನನ್ನ ಹೆಸರು ಕೆಂಡಣ್ಣನೇ ಅಲ್ಲ!"

"ನೀವೇನು ಹೇಳ್ತೀರಿ?" ಇನ್‌ಸ್ಪೆಕ್ಟರಮ್ಮ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಮೇಸ್ತ್ರಿಯನ್ನು ಕೇಳಿದರು. ಮಾಲೀಕನಿಲ್ಲದಾಗ ಪಂಜರಗಳೆಲ್ಲ ಅವನ ಸುಪರ್ದಿಗೆ. ಅವನು ಕೆಂಡಣ್ಣನ ಅಳಿಯ.

"ನಾನೇನು ಹೇಳಲಿ ಮೇಡಂ... ನಿನ್ನೆ ಸಂಜೆ ನಾನೇ ಕೈಯಾರೆ ಮೇವು ಹಾಕಿದೆ. ಪಂಜರ ತುಂಬಿ ತುಳುಕ್ತಿತ್ತು."

"ನಿಮ್ಮ ಮಾವ ಇಂಥ ಕೆಲಸ ಮಾಡ್ತಾರಾ?"

ಅವನು ಬಗ್ಗಿ ಸೀಳಿದ ಬಲೆಯ ಅಂಚು ಸುತ್ತತೊಡಗಿದ.

ಅಷ್ಟರಲ್ಲಿ ಆಳುಗಳು ನಾಲ್ಕನೇ ಪಂಜರಕ್ಕೆ ಮೇವು ಎರಚತೊಡಗಿದರು. ಒಳಗಿನ ನೀರು ಕುದಿಯಿತು. ಬಲೆಯ ಸಂದಿನಿಂದ ಸೋರಿ ಹೋಗುವ ಗುಳಿಗೆಗಳಿಗೆ ಹೊರಗಡೆಯೂ ಮೀನುಗಳು ಮುತ್ತಿದವು. ಇನ್‌ಸ್ಪೆಕ್ಟರಮ್ಮನ ಜೊತೆ ಬಂದಿದ್ದ ದಫೇದಾರ ನಕ್ಕ.

"ನೋಡಿ ಮೇಡಂ, ತವರು ಮರೀಲಾರದೆ ವಾಪಸ್ ಬಂದಿವೆ!"

"ಅಲ್ಲ ಸಾರ್," ಮೇಸ್ತ್ರಿ ತಟ್ಟನೆ ತಿದ್ದಿದ. "ಅವು ಕಡಲ ಮೀನು. ಬಾಲ ನೋಡಿ, ಎಷ್ಟು ಚೂಪಾಗಿದೆ. ನಮ್ಮವು ಇಕ್ಕಟ್ಟಲ್ಲಿ ಒಂದಕ್ಕೊಂದು ಉಜ್ಜಿ, ಬಲೆಗೆ ಉಜ್ಜಿ, ಬಾಲ ಮೊಂಡಾಗಿರುತ್ತೆ. ಇವು ಎಂಜಲಿಗೆ ಬರೋವು. ದಿನಾ ಬರ್ತವೆ."

*

ಕೆಂಡಣ್ಣನನ್ನು ಠಾಣೆಗೆ ಕರೆತಂದರು. ಕೆಂಡ ಬೂದಿಯಾದಂತೆ ಕೂತಿದ್ದ.

"ನಿನ್ನೆ ರಾತ್ರಿ ನಿಮ್ಮ ದೋಣಿ ದಕ್ಕೆಯಲ್ಲಿ ಇರಲಿಲ್ಲ. ಎಲ್ಲಿಗೆ ಹೋಗಿದ್ರಿ ಯಜಮಾನ್ರೇ?"

"ಕಡಲಿಗೆ."

"ಕಡಲಲ್ಲಿ ಎಲ್ಲಿಗೆ?"

ಕೆಂಡಣ್ಣ ನೆಲ ನೋಡಿದ.

"ಬಲೆ ಸೀಳಿದ್ದು ನೀವಾ?"

"ಅಲ್ಲ."

"ಹಾಗಾದ್ರೆ ಎಲ್ಲಿದ್ರಿ ಅಂತ ಹೇಳೋಕೆ ಏನು ಕಷ್ಟ?"

ಬಾಯಿಗೆ ಬೀಗ ಹಾಕಿಕೊಂಡವರನ್ನು ಇನ್‌ಸ್ಪೆಕ್ಟರಮ್ಮ ಬೇಕಾದಷ್ಟು ನೋಡಿದ್ದರು. ಹೆದರಿಕೆಯಿಂದ ಸುಮ್ಮನಿರುವವರು ಎದುರಿಗಿರುವವರ ಮುಖ ನೋಡುತ್ತಾರೆ. ಈತ ನೆಲ ನೋಡುತ್ತಿದ್ದ. ಇದು ಹೆದರಿಕೆಯಲ್ಲ, ನಾಚಿಕೆ.

ಮಧ್ಯಾಹ್ನ ಕೆಂಡಣ್ಣನ ಮಗಳು ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. "ನನ್ನ ಯಜಮಾನ್ರಿಗೆ ಆ ಪಂಜರಾನೇ ಅನ್ನ ಮೇಡಂ. ಅಪ್ಪ ಬಾಯಲ್ಲಿ ಬೆಂಕಿ ಉಗುಳಬಹುದು, ಮಗಳ ಒಲೆಗೆ ನೀರು ಹಾಕೋ ಮನುಷ್ಯ ಅಲ್ಲ."

"ನಿನ್ನೆ ರಾತ್ರಿ ಮೀನು ತಂದಿದ್ದಾರಾ?"

"ತಂದಿದಾರೆ. ಆದ್ರೆ ಹರಾಜಿಗೆ ಹಾಕ್ಲಿಲ್ಲ. ದೋಣೀಲೇ ಮುಚ್ಚಿಟ್ಟಿದಾರೆ."

ಇನ್‌ಸ್ಪೆಕ್ಟರಮ್ಮ ದಕ್ಕೆಗೆ ನಡೆದರು. ದಫೇದಾರ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದ. ಪೆಟ್ಟಿಗೆ ತುಂಬಿತ್ತು. ಒಂದೊಂದೇ ಮೀನು ಎತ್ತಿ ಹಲಗೆಯ ಮೇಲೆ ಹರಡಿಸಿದರು. ಕೆಲವಕ್ಕೆ ಪಕ್ಕೆಯಲ್ಲಿ ಕೆಂಪು ಹುಣ್ಣು. ಒಂದರ ಹೊಟ್ಟೆ ಸೀಳಿದಾಗ ಅರೆಬರೆ ಕರಗಿದ ಗುಳಿಗೆಯ ಮುದ್ದೆ ಹೊರಬಂತು. ಕೊನೆಯ ಮೀನಿನ ತನಕ ಅವರು ನೋಡಿದ್ದು ಬಾಲವನ್ನು ಮಾತ್ರ.

ಠಾಣೆಗೆ ಮರಳಿ ಕೆಂಡಣ್ಣನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಪಂಜರದ ಹತ್ತಿರವೇ ಬಲೆ ಬಿಟ್ಟಿದ್ರಿ. ಅಲ್ವಾ?"

ಮುದುಕ ಮೊದಲ ಸಲ ತಲೆ ಎತ್ತಿದ. "ಇನ್ನೆಲ್ಲಿ ಬಿಡ್ಲಿ ತಾಯಿ? ಬೇರೆ ಕಡೆ ಮೀನೇ ಇಲ್ಲ. ಎಲ್ಲ ಅಲ್ಲಿಗೆ ಹೋಗಿ ಎಂಜಲು ಮೇಯ್ತಾ ಕೂತಿವೆ. ಪಂಜರದ ಎಂಜಲು ತಿಂದ ಮೀನು ಮುಟ್ಟಲ್ಲ ಅಂತ ನಾಲ್ಕು ಜನರ ಮುಂದೆ ಆಣೆ ಇಟ್ಟೋನು ನಾನು. ಕತ್ತಲಲ್ಲಿ ಕಳ್ಳನ ಥರ ಹೋಗಿ ಅದನ್ನೇ ಹಿಡ್ಕೊಂಡು ಬಂದೆ. ಹೇಗೆ ಹೇಳ್ಲಿ?"

"ಪಂಜರದ ಯಾವ ಕಡೆ?"

"ಬಂಡೆ ಮರೆ. ಇತ್ತೀಚೆಗೆ ಮೀನು ಅಲ್ಲೇ ಹೆಚ್ಚು. ತಳದಲ್ಲಿ ಏನೋ ಮೇವು ಬಿದ್ದಿದೆ."

ಇನ್‌ಸ್ಪೆಕ್ಟರಮ್ಮ ಮಂಡಿ ಒತ್ತಿಕೊಂಡು ಎದ್ದರು. ಮತ್ತೆ ದೋಣಿ ಹತ್ತಬೇಕಿತ್ತು.

"ದಫೇದಾರ್ರೇ, ಪಾತಾಳಗರಡಿ ಎಲ್ಲಾದ್ರೂ ಸಿಗುತ್ತಾ ನೋಡಿ."

"ಪಾತಾಳಗರಡಿನಾ? ಕೊಡಪಾನ ಬಾವಿಗೆ ಬಿತ್ತಾ ಮೇಡಂ?"

"ಒಂದು ಸಂಸಾರ ಬಿದ್ದಿದೆ ಅನ್ಸುತ್ತೆ. ತನ್ನಿ."

*

ಮರುದಿನ ಎಲ್ಲರೂ ಮೇವಿನ ಗೋದಾಮಿನಲ್ಲಿ ಸೇರಿದರು. ಗುಳಿಗೆ ಚೀಲಗಳ ಘಾಟು ಮೂಗಿಗೆ ಹೊಡೆಯುತ್ತಿತ್ತು. ಮಾಲೀಕ, ಮೇಸ್ತ್ರಿ, ಅವನ ಹೆಂಡತಿ. ಬಾಗಿಲ ಬಳಿ ದಫೇದಾರನ ಪಕ್ಕ ಕೆಂಡಣ್ಣ.

"ಮಾಲೀಕರೇ, ನಿಮ್ಮ ಮೀನು ಬೇಟೆ ಆಡಿ ತಿನ್ನುತ್ತಾ?"

"ಎಲ್ಲಿ ಮೇಡಂ? ಮರಿ ಇದ್ದಾಗಿಂದ ಗುಳಿಗೆ ತಿಂದು ಬೆಳೆದವು. ಮೇವಿನ ದೋಣಿ ಸದ್ದು ಕೇಳಿದ್ರೆ ಸಾಕು, ಓಡಿ ಬರ್ತವೆ."

"ಬಲೆ ಸೀಳಿದ್ದು ರಾತ್ರಿ. ಬೆಳಿಗ್ಗೆ ಪಕ್ಕದ ಪಂಜರಕ್ಕೇ ಮೇವು ಹಾಕಿದ್ರಿ. ಅಷ್ಟೊಂದು ಮೀನು ತಪ್ಪಿಸಿಕೊಂಡಿದ್ರೆ ಒಂದಾದ್ರೂ ಆ ಸದ್ದಿಗೆ ಬರಬೇಕಿತ್ತಲ್ಲ? ಹೊರಗೆ ಮುತ್ತಿದ್ದವೆಲ್ಲ ಕಡಲ ಮೀನು. ಹಾಗಂತ ಹೇಳಿದ್ದು ನಾನಲ್ಲ—ನಿಮ್ಮ ಮೇಸ್ತ್ರಿ."

ಮೇಸ್ತ್ರಿ ಚೀಲಗಳ ಕಡೆಗೆ ಹಿಂದೆ ಸರಿದ.

"ಕೆಂಡಣ್ಣನವರು ಅದೇ ರಾತ್ರಿ ಪಂಜರದ ಮಗ್ಗುಲಲ್ಲೇ ಬಲೆ ಬಿಟ್ಟಿದ್ರು. ಪೆಟ್ಟಿಗೆ ತುಂಬ ಮೀನು. ಮೊಂಡು ಬಾಲದ್ದು ಒಂದೂ ಇಲ್ಲ. ಹಾಗಾದ್ರೆ ಮೂರನೇ ಪಂಜರದ ಮೀನು ಎಲ್ಲಿಗೆ ಹೋದವು?"

ಮಾಲೀಕ ಮೇಸ್ತ್ರಿಯ ಕಡೆ ತಿರುಗಿದ.

"ಎಲ್ಲಿಗೂ ಹೋಗಲಿಲ್ಲ. ಬಲೆ ಸೀಳಿದಾಗ ಆ ಪಂಜರ ಆಗಲೇ ಖಾಲಿ ಇತ್ತು." ಇನ್‌ಸ್ಪೆಕ್ಟರಮ್ಮ ದಫೇದಾರನ ಕಡೆ ತಿರುಗಿದರು. ಅವನು ಮೂಗು ಮುಚ್ಚಿಕೊಂಡು ಒಂದು ಚೀಲ ತಂದು ಹಾಕಿದ. ಇದೇ ಗೋದಾಮಿನ ಮೇವಿನ ಚೀಲ. ಬಾಯಿ ಕಟ್ಟಿತ್ತು, ಒಂದು ಬದಿ ಹರಿದಿತ್ತು. ಒಳಗೆ ಕಲ್ಲು ಮತ್ತು ಕೊಳೆತ ಮೀನು. ಅಳಿದುಳಿದ ಬಾಲಗಳೆಲ್ಲ ಮೊಂಡು. "ಬಂಡೆ ಮರೆಯಲ್ಲಿ ಇಂಥವು ರಾಶಿ ಬಿದ್ದಿವೆ. ಹುಣ್ಣಿನ ಕಾಯಿಲೆ ಅಂತ ಮೀನುಗಾರಿಕೆ ಇಲಾಖೆಯ ಡಾಕ್ಟರು ಹೇಳಿದ್ರು. ಕಾಯಿಲೆ ಬಿದ್ದ ಕೂಡ್ಲೇ ಇಲಾಖೆಗೆ ತಿಳಿಸಬೇಕು. ತಿಳಿಸಿದ್ರೆ ಪಂಜರಗಳನ್ನೆಲ್ಲ ಮುಚ್ಚಿಸ್ತಾರೆ. ಅದಕ್ಕೇ ಸತ್ತ ಹಾಗೆಲ್ಲ ಚೀಲಕ್ಕೆ ತುಂಬಿ ಮುಳುಗಿಸಿದ್ರು. ನಿನ್ನೆ ಬೆಳಿಗ್ಗೆಯವರೆಗೆ ಆಳುಗಳನ್ನ ಆ ಪಂಜರದ ಹತ್ರ ಬಿಡ್ಲಿಲ್ಲ. ಕೊನೆಗೆ ಪಂಜರ ಯಾಕೆ ಖಾಲಿ ಅಂತ ಮಾಲೀಕರಿಗೆ ಹೇಳೋಕೆ ಒಂದು ಕಾರಣ ಬೇಕಿತ್ತು. ಒಂದು ಸೀಳು ಸಾಕಾಯ್ತು."

"ಯಾರು ಮೇಡಂ?" ಮಾಲೀಕ ಕೇಳಿದ.

"'ನಿನ್ನೆ ಸಂಜೆ ನಾನೇ ಕೈಯಾರೆ ಮೇವು ಹಾಕಿದೆ, ಪಂಜರ ತುಂಬಿ ತುಳುಕ್ತಿತ್ತು' ಅಂದವರು ಯಾರು? ಸತ್ತ ಮೀನು ಮೇವು ತಿನ್ನುತ್ತಾ ಮೇಸ್ತ್ರಿಗಳೇ?"

ಮೇಸ್ತ್ರಿ ಚೀಲಗಳ ಮೇಲೆ ಕುಸಿದು ಕೂತ. "ಊರಿನ ಹುಡುಗರನ್ನೆಲ್ಲ ನಾನೇ ಇಲ್ಲಿ ಕೆಲಸಕ್ಕೆ ಸೇರಿಸಿದ್ದು ಮೇಡಂ. ಮುಚ್ಚಿದ್ರೆ ಎಲ್ಲರ ಮನೆ ಒಲೆ ಆರುತ್ತೆ. ಒಂದು ಮೀನು ಸತ್ತ ಸುದ್ದಿ ಹೊರಗೆ ಹೋದ್ರೂ ನಿನ್ನ ಸುಮ್ನೆ ಬಿಡಲ್ಲ ಅಂತ ಧಣಿಗಳು ಹೇಳಿ ಹೋಗಿದ್ರು..."

"ನಾನು ಹಾಗಂದಿಲ್ಲ!" ಮಾಲೀಕ ಚೀರಿದ.

"ನಿಮ್ಮ ಹತ್ರ ಆಮೇಲೆ ಬರ್ತೀನಿ. ಕೂತ್ಕೊಳ್ಳಿ."

"ಮಾವನ ಹೆಸರು ನಾನು ಹೇಳಲಿಲ್ಲ ಮೇಡಂ. ದೇವರಾಣೆ."

"ಅವರಲ್ಲ ಅಂತಲೂ ಹೇಳಲಿಲ್ಲ."

ಅಲ್ಲಿಯವರೆಗೆ ಕಂಬಕ್ಕೆ ಒರಗಿದ್ದ ಅವನ ಹೆಂಡತಿ ಒಂದು ಹೆಜ್ಜೆ ಮುಂದೆ ಬಂದಳು. ದನಿ ಏರಲಿಲ್ಲ. "ಅಪ್ಪನ್ನ ಪೊಲೀಸ್ನೋರು ಕರ್ಕೊಂಡು ಹೋದಾಗ ನನ್ನ ಕಣ್ಣೀರು ಒರೆಸಿದ್ರಲ್ಲ... ಯಾವ ಕೈಲಿ ಒರೆಸಿದ್ರಿ?"

ದಫೇದಾರ ಮೇಸ್ತ್ರಿಯ ತೋಳು ಹಿಡಿದು ಎಬ್ಬಿಸಿದ. ಗಟ್ಟಿಯಾಗಿ ಹಿಡಿಯುವ ಅಗತ್ಯವಿರಲಿಲ್ಲ.

*

ಕೇಸು ಮುಗಿದಿತ್ತು. ಇನ್‌ಸ್ಪೆಕ್ಟರಮ್ಮನಿಗೆ ಯಾವ ಸಮಾಧಾನವೂ ಆಗಲಿಲ್ಲ. ಹೊರಗೆ ಬಂದಾಗ ಕೆಂಡಣ್ಣ ದಕ್ಕೆಯಲ್ಲಿ ತನ್ನ ಪೆಟ್ಟಿಗೆಯ ಮುಂದೆ ನಿಂತಿದ್ದ. ಡಾಕ್ಟರು ಪರೀಕ್ಷೆಗೆ ಬೇಕಾದಷ್ಟು ತೆಗೆದುಕೊಂಡು ಹೋಗಿದ್ದರು. ಉಳಿದದ್ದು ಕೊಳೆಯತೊಡಗಿತ್ತು.

"ಕಡಲ ಮೀನಿಗೆ ಹತ್ತಿದ ಹುಣ್ಣು ಹೋಗುತ್ತಾ ತಾಯಿ?"

"ಗೊತ್ತಿಲ್ಲ ಯಜಮಾನ್ರೇ. ಡಾಕ್ಟರಿಗೂ ಗೊತ್ತಿಲ್ಲವಂತೆ. ಪಂಜರದವನ್ನಾದ್ರೆ ಹಿಡಿದು ಮದ್ದು ಹಾಕಬಹುದು. ಕಡಲಲ್ಲಿರೋವಕ್ಕೆ ಯಾರು ಹಾಕ್ತಾರೆ?"

ಮುದುಕ ತಲೆಯಾಡಿಸಿದ. ಬೈಯಲಿಲ್ಲ, ಅಳಿಯನನ್ನೂ ಬೈಯಲಿಲ್ಲ.

ಇಲಾಖೆಯ ಆಳೊಬ್ಬ ಬಂದು ಪೆಟ್ಟಿಗೆಯ ಕಿವಿ ಹಿಡಿದ. "ನೀರಿಗೆ ಸುರಿದುಬಿಡ್ಲಾ ಅಜ್ಜ?"

"ಮುಟ್ಟಬೇಡ!" ಕೆಂಡಣ್ಣ ಗುಡುಗಿದ. "ಒಂದು ಬಾಲಾನೂ ನೀರಿಗೆ ಬೀಳಬಾರದು."

ಅವನು ಪೆಟ್ಟಿಗೆಯನ್ನು ಎಳೆಯತೊಡಗಿದ, ಅಲೆ ಮುಟ್ಟದ ಮರಳಿನ ದಿಬ್ಬದ ಕಡೆಗೆ. ಮಗಳು ಇನ್ನೊಂದು ತುದಿಗೆ ಕೈ ಹಾಕಿದಳು. ದಿಬ್ಬದ ಮೇಲೆ ಅವನು ಕೈಯಿಂದಲೇ ಗುಂಡಿ ತೋಡಲು ಕೂತ. ತೋಡಿದಷ್ಟೂ ಮರಳು ಕುಸಿದು ತುಂಬುತ್ತಿತ್ತು.

ಇನ್‌ಸ್ಪೆಕ್ಟರಮ್ಮ ಜೀಪಿನ ಹಿಂದಿನಿಂದ ಸಲಿಕೆ ತೆಗೆದುಕೊಂಡು ದಿಬ್ಬ ಹತ್ತಿದರು.

"ಮೇಡಂ, ನಿಮ್ಮ ಮಂಡಿ..." ದಫೇದಾರ ಹಿಂದೆಯೇ ಓಡಿ ಬಂದ.

"ಗೊತ್ತು," ಎಂದು ಅವರು ತೋಡಲು ಶುರು ಮಾಡಿದರು.